ದ್ಯಾಮಕ್ಕ ಓದಿ ಮುಗಿಸುವ ತನಕ

ದ್ಯಾಮಕ್ಕನನ್ನು ಏಳನೇ ತರಗತಿಯಿಂದ ಒಂದನೇ ತರಗತಿಗೆ ಇಳಿಸಿದರು. ಆಗ ಅವಳಿಗೆ ಹನ್ನೆರಡು ವರ್ಷ. ಏಳನೆಯ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, ಒಂದನೆಯ ಹಾಜರಿಯ ತುದಿಯಲ್ಲಿ ಮತ್ತೆ ಬರೆದುಕೊಂಡರು. ಸೋಮವಾರ, ಊಟದ ಬಿಡುವಿಗೆ ಮುಂಚೆ ಇದು ಮುಗಿಯಿತು.

ಅದು ನಮ್ಮ ಊರಲ್ಲಿ ಸದ್ದು ಉಳಿದುಕೊಂಡ ವರ್ಷ. ಅದಕ್ಕೆ ಮೊದಲು, ನನ್ನ ಅಜ್ಜಿಯ ಅಜ್ಜಿ ಕಂಡ ಕಾಲದಿಂದಲೂ, ನಮ್ಮಲ್ಲಿ ಬೆಳಿಗ್ಗೆ ಹತ್ತಕ್ಕೆ ಸದ್ದು ಹೋಗುತ್ತಿತ್ತು, ಸಂಜೆ ನಾಲ್ಕಕ್ಕೆ ಬರುತ್ತಿತ್ತು. ಹೊರಗಿನಿಂದ ಹೊಸದಾಗಿ ಬಂದವರು ಹತ್ತು ಹೊಡೆದದ್ದೇ ಕಿವಿ ತಿಕ್ಕಿಕೊಂಡು, ತಲೆ ಕೊಡವಿಕೊಂಡು ಗಾಬರಿಯಾಗುತ್ತಿದ್ದರು. ನಾವು ಅವರನ್ನು ಕಟ್ಟೆಯ ಮೇಲೆ ಕೂರಿಸಿ, ಒಂದು ಚರಿಗೆ ನೀರು ಕೊಟ್ಟು, ‘ನಾಕಕ್ಕ ಬರತೈತಿ’ ಎಂದು ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆವು. ಅಷ್ಟೇ. ಅದಕ್ಕಿಂತ ಹೆಚ್ಚು ವಿವರ ನಮಗೂ ಗೊತ್ತಿರಲಿಲ್ಲ, ಬೇಕೆಂದೂ ಅನಿಸಿರಲಿಲ್ಲ.

ಆ ಆರು ತಾಸು ಹೇಗಿರುತ್ತಿದ್ದವು ಎಂದು ಈಗಿನ ಮಕ್ಕಳು ನನ್ನನ್ನು ಕೇಳುತ್ತಾರೆ. ಪ್ರತಿ ಮನೆಯ ಬಾಗಿಲಿಗೆ ಒಂದು ದಾರ ಇರುತ್ತಿತ್ತು, ಅದರ ಒಳತುದಿಗೆ ಬಣ್ಣದ ಬಟ್ಟೆಯ ತುಂಡು. ಹೊರಗೆ ಜಗ್ಗಿದರೆ ಒಳಗೆ ಬಟ್ಟೆ ಕುಣಿಯುತ್ತಿತ್ತು. ಕಾಯಿಪಲ್ಲೆಯವಳು ಕನ್ನಡಿಯ ಚೂರು ಹಿಡಿದು ಕಿಟಕಿಯೊಳಗೆ ಬಿಸಿಲು ಎಸೆಯುತ್ತಿದ್ದಳು. ಗೋಡೆಯ ಮೇಲೆ ಒಂದು ಸಲ ಬೆಳಕು ಹೊಳೆದರೆ ಬದನೆಕಾಯಿ, ಎರಡು ಸಲ ಹೊಳೆದರೆ ಮೆಂತ್ಯೆಪಲ್ಲೆ. ಬೆನ್ನು ತೋರಿಸಿದವರ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ ಎದುರಿಗೆ ಬಂದು, ಮುಖ ನೋಡಿ, ಕೈಯಿಂದಲೋ ತುಟಿಯಿಂದಲೋ ಪಾಟಿಯಿಂದಲೋ ಹೇಳಬೇಕು. ಬೈಯಬೇಕೆಂದರೂ ಎದುರಿಗೇ ಬರಬೇಕಿತ್ತು. ನಳದ ಹತ್ತಿರದ ಜಗಳಗಳು ಪಾಟಿಯ ಮೇಲೆಯೇ ನಡೆಯುತ್ತಿದ್ದವು. ಒಬ್ಬಳು ಬರೆಯಬೇಕು, ಇನ್ನೊಬ್ಬಳು ಪೂರ್ತಿ ಓದಬೇಕು, ಒರೆಸಬೇಕು, ತನ್ನದನ್ನು ಬರೆಯಬೇಕು. ನಮ್ಮ ಓಣಿಯ ಗಂಗವ್ವ ತನ್ನನ್ನೇ ಬೈಯುವ ಬೈಗುಳವನ್ನು ಬರೆಯಲು ತಡವರಿಸುವ ಎದುರಿನವಳಿಗೆ ತಾನೇ ಬರೆದುಕೊಟ್ಟು, ಒತ್ತಕ್ಷರ ತಿದ್ದಿ, ಆಮೇಲೆ ಅದಕ್ಕೆ ಉತ್ತರ ಬರೆಯುತ್ತಿದ್ದಳು. ಜಗಳವಾಡುವುದಕ್ಕಾದರೂ ನಮ್ಮ ಊರಲ್ಲಿ ಹೆಂಗಸರಿಗೆ ಅಕ್ಷರ ಬೇಕಿತ್ತು. ಹೀಗಾಗಿ ಸುತ್ತಲಿನ ಊರುಗಳ ಹೆಂಗಸರು ಹೆಬ್ಬೆಟ್ಟು ಒತ್ತುವ ಕಾಲದಲ್ಲಿ ನಮ್ಮವರು ಸಹಿ ಮಾಡುತ್ತಿದ್ದರು.

ನಾಲ್ಕಕ್ಕೆ ಸದ್ದು ಒಮ್ಮೆಲೇ ಬರುತ್ತಿತ್ತು. ಐದು ನಿಮಿಷ ಮೊದಲೇ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಬಂದ ಕೂಡಲೇ ಆಡುವ ಮೊದಲ ಮಾತು ಯಾರದಾದರೂ ಹೆಸರಾಗಿರಬೇಕು ಎಂಬುದು ರೂಢಿ. ಗಂಡ ಹೆಂಡತಿಯ ಹೆಸರು ಕರೆಯುತ್ತಿದ್ದ, ಸಂಕೋಚದವನು ಎಮ್ಮೆಯ ಹೆಸರು ಕರೆಯುತ್ತಿದ್ದ. ಇಡೀ ಊರು ಒಂದೇ ಗಳಿಗೆಯಲ್ಲಿ ನೂರಾರು ಹೆಸರು ಕೂಗಿ, ಆಮೇಲೆ ನಾಚಿಕೊಂಡು ನಗುತ್ತಿತ್ತು. ಶಾಲೆಯ ಅಡುಗೆಮನೆಯ ಬಾಗಿಲಲ್ಲಿ ಕೆಂಚವ್ವ ನಿಂತು ‘ದ್ಯಾಮಕ್ಕಾ’ ಎಂದು ಕರೆಯುತ್ತಿದ್ದಳು. ಮಗಳು ಓಡಿ ಬರುತ್ತಿದ್ದಳು. ಅವಳು ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ತಾಯಿಯ ತುಟಿಯನ್ನು ನೋಡುತ್ತ ನಿಂತಿರುತ್ತಿದ್ದಳು ಎಂಬುದನ್ನು ಗಮನಿಸಿದವರು ಯಾರು? ನಾನಂತೂ ಅಲ್ಲ.

ಶಾಲೆ ಹತ್ತೂವರೆಯಿಂದ ನಾಲ್ಕರವರೆಗೆ. ಬೆಳಿಗ್ಗೆ ಏಳಕ್ಕೇ ಶುರುಮಾಡಲು ಒಪ್ಪಿಗೆ ಕೊಡಿ ಎಂದು ಊರವರು ಇಲಾಖೆಗೆ ಅರ್ಜಿ ಬರೆದಿದ್ದರಂತೆ. ‘ಶಾಲೆಯ ವೇಳೆ ಎಲ್ಲ ಕಡೆಗೂ ಒಂದೇ ಇರುತ್ತದೆ. ತಮ್ಮ ಊರಿನ ಸದ್ದಿನ ವೇಳೆಯನ್ನು ಬದಲಿಸಿಕೊಳ್ಳತಕ್ಕದ್ದು’ ಎಂದು ಉತ್ತರ ಬಂದಿತ್ತು. ಆ ಕಾಗದವನ್ನು ಕಟ್ಟು ಹಾಕಿಸಿ ಹೆಡ್ ಮಾಸ್ತರರ ಕೋಣೆಯಲ್ಲಿ ತೂಗುಬಿಟ್ಟಿದ್ದರು. ನಮ್ಮ ಮಾಸ್ತರರು ಬೋರ್ಡು ಮತ್ತು ಕೈ ಇವೆರಡರಿಂದಲೇ ಪಾಠ ಹೇಳುತ್ತಿದ್ದರು. ಮಕ್ಕಳ ಕಡೆ ತಿರುಗದೆ ಅವರು ಒಂದು ಮಾತನ್ನೂ ಆಡುತ್ತಿರಲಿಲ್ಲ.

ಒಂದು ವರ್ಷ ಇಲಾಖೆಯವರು ಪ್ರತಿ ತರಗತಿಗೆ ಒಂದೊಂದು ಟೀವಿ ಕಳಿಸಿದರು. ಜೊತೆಗೆ ಒಂದು ಕಂಪ್ಯೂಟರು, ಒಂದರಿಂದ ಏಳರವರೆಗಿನ ನಾಲ್ಕುನೂರಾ ಹನ್ನೆರಡು ವಿಡಿಯೋ ಪಾಠ. ಮೊದಲ ದಿನ ಹನ್ನೊಂದಕ್ಕೆ ಟೀವಿ ಹಚ್ಚಿದರು. ಪರದೆಯ ಮೇಲೆ ಇಸ್ತ್ರಿ ಮಾಡಿದ ಸೀರೆಯ ಬಾಯಾರೊಬ್ಬರು, ಅಂದರೆ ಶಿಕ್ಷಕಿ, ಬಂದು, ಬಾಯಿ ತೆರೆದು, ಮುಚ್ಚಿ, ಕೈ ಆಡಿಸಿ, ನಕ್ಕು, ಹೋದರು. ಮಕ್ಕಳು ಅರ್ಧ ತಾಸು ಮೀನಿನ ಹಾಗೆ ಬಾಯಿ ಆಡಿಸಿ ಒಬ್ಬರಿಗೊಬ್ಬರು ತೋರಿಸಿಕೊಂಡರು. ಮರುದಿನ ಬೆಳಿಗ್ಗೆ ಹೆಡ್ ಮಾಸ್ತರರಾದ ಅಂದಾನಪ್ಪ ಮಾಸ್ತರರು ನಮ್ಮ ಮನೆಯ ದಾರ ಜಗ್ಗಿದರು. ಆ ದಿನಗಳಲ್ಲಿ ನಾನು ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸದಲ್ಲಿದ್ದೆ.

“ಶಾವಂತ್ರವ್ವ, ನಿನ್ನ ಬೆರಳು ಚುರುಕು ಅದಾವಂತ. ಆ ಬಾಯಾರ ಹೇಳೂದನ್ನ ಅವರ ಕಾಲ ಕೆಳಗ ಬರದು ಕೂಡಸಾಕ ಬರತೈತೇನು?” ಎಂದರು.

“ಬರದೇನು ಕೂಡಸ್ತೀನ್ರಿ. ಆದ್ರ ಕೇಳಿ ಹೇಳಾಕ ಒಂದು ಕಿವಿ ಬೇಕಲ್ರಿ. ನಂದು ಬೆರಳಷ್ಟ ಚುರುಕು” ಎಂದೆ.

ಕಿವಿ ಎಂದರೆ ನಮ್ಮ ಊರಲ್ಲಿ ಖತೀಜಾಬಿ. ನಾವೆಲ್ಲ ಅವಳನ್ನು ಆಪಾ ಎನ್ನುತ್ತಿದ್ದೆವು. ಕೌದಿ ಹೊಲಿಯುವವಳು, ಕಣ್ಣು ಹೊಲಿಗೆಯ ಮೇಲೆ ಇಟ್ಟುಕೊಂಡೇ ಓಣಿಯಲ್ಲಿ ಹೋದ ಸೈಕಲ್ ಯಾರದು, ಹಾಲಿಗೆ ಎಷ್ಟು ನೀರು ಬಿತ್ತು ಎಂದು ಹೇಳುತ್ತಿದ್ದಳು. ಹೀಗೆ ಶುರುವಾಯಿತು ನಮ್ಮ ಕೆಲಸ. ಅದಕ್ಕೆ ಊರವರು ‘ಅಡಿಸಾಲು’ ಎಂದು ಹೆಸರಿಟ್ಟರು, ನಮಗೆ ‘ಅಡಿಸಾಲಿನವರು’ ಎಂದು.

ಬೆಳಿಗ್ಗೆ ಆರರಿಂದ ಹತ್ತರ ತನಕ ಶಾಲೆಯ ಕಂಪ್ಯೂಟರಿನ ಕೋಣೆಯಲ್ಲಿ ನಮ್ಮ ಹೊತ್ತು. ಸದ್ದು ಹೋಗುವುದರೊಳಗೆ ಮುಗಿಸಬೇಕು. ಆ ಕೋಣೆಯ ಕಿಟಕಿಯಲ್ಲಿ ಬೇವಿನ ಗಿಡದ ನೆರಳು, ಕೆಂಚವ್ವ ಒಲೆ ಹೊತ್ತಿಸಿ ನಮಗೆಂದು ಇಡುತ್ತಿದ್ದ ಚಹಾ, ಆಪಾಳ ಎಲೆ-ಅಡಿಕೆಯ ವಾಸನೆ. ನನ್ನ ಜೀವಮಾನದಲ್ಲಿ ಅಷ್ಟು ಖುಷಿಯಿಂದ ನಾನು ಮತ್ತೆಲ್ಲೂ ಕೂತಿಲ್ಲ. ಪಾಠದ ಬಾಯಿಯವರು ಒಂದೊಂದು ತುಣುಕು ಹೇಳುತ್ತಿದ್ದ ಹಾಗೆ ಆಪಾ ತಡೆದು ತಡೆದು ಹೇಳುತ್ತಿದ್ದಳು. “ನೀರು ಬಿಸಿಯಾದಾಗ... ಬರದ್ಯಾ? ಆವಿಯಾಗಿ ಮೇಲಕ್ಕೆ... ಏ ನಿಲ್ಲಸ ನಿಲ್ಲಸ, ಈಕಿ ಬಸ್ಸು ತಪ್ಪಿದವರಂಗ ಓಡಾಕತ್ತಾಳ. ಇನ್ನೊಮ್ಮೆ ಹಾಕು.”

ಬರೆಯುವುದು ಕಷ್ಟವಿರಲಿಲ್ಲ. ಒಂದು ಸಾಲು ಪರದೆಯ ಮೇಲೆ ಎಷ್ಟು ಹೊತ್ತು ನಿಲ್ಲಬೇಕು ಎಂಬುದು ಕಷ್ಟ. ನನಗೆ ಓದಲು ಸಾಕಾದಷ್ಟು ಹೊತ್ತು ನಿಲ್ಲಿಸಿದರೆ ಮಕ್ಕಳಿಗೆ ಸಾಲುತ್ತಿರಲಿಲ್ಲ. ಮೊದಲ ತಿಂಗಳು ಮಾಡಿದ್ದೆಲ್ಲ ಹಾಳಾಯಿತು. ಮಕ್ಕಳು ಅರ್ಧ ಸಾಲು ಓದುವಷ್ಟರಲ್ಲಿ ಸಾಲು ಹೋಗಿರುತ್ತಿತ್ತು. ಆಗ ಕೆಂಚವ್ವನ ಮಗಳು ನಮ್ಮ ಬಾಗಿಲಲ್ಲಿ ಬಂದು ನಿಂತಳು. ತಾಯಿ ಆರಕ್ಕೇ ಅಡುಗೆಗೆ ಬರುತ್ತಿದ್ದರಿಂದ ಅವಳೂ ಬರುತ್ತಿದ್ದಳು. ಎಂಟೋ ಒಂಬತ್ತೋ ವರ್ಷ, ಎರಡು ಜಡೆ, ಒಂದು ಜಡೆಗೆ ಯಾವಾಗಲೂ ರಿಬ್ಬನ್ ಇರುತ್ತಿರಲಿಲ್ಲ. ನಾನು ಕೂರು ಎಂದು ಸನ್ನೆ ಮಾಡಿದೆ. ಅವಳು ಕೂತು ನೋಡಿದಳು. ಒಂದು ಸಾಲು ಬೇಗ ಹೋದಾಗ ಕೈ ಎತ್ತಿದಳು. ನಾನು ಅದನ್ನು ಎರಡು ಎಣಿಸುವಷ್ಟು ಹೆಚ್ಚು ನಿಲ್ಲಿಸಿದೆ. ಕೈ ಇಳಿಸಿದಳು.

ಅಂದಿನಿಂದ ಮೂರು ವರ್ಷ ನಮ್ಮ ಗಡಿಯಾರ ದ್ಯಾಮಕ್ಕ. ಅವಳು ಓದಿ ಮುಗಿಸುವ ತನಕ ಸಾಲು ನಿಲ್ಲಬೇಕು, ಇದೇ ಕಾನೂನು. ನಾಲ್ಕುನೂರಾ ಹನ್ನೆರಡು ಪಾಠದ ಒಂದೊಂದು ಸಾಲೂ ಅವಳ ಕಣ್ಣಿನ ವೇಗಕ್ಕೆ ಕೂಡಿಸಿದ್ದು. ಆ ಕೋಣೆಯಲ್ಲಿ ಸದ್ದು ಇತ್ತು, ಟೀವಿ ಮಾತಾಡುತ್ತಿತ್ತು, ಆದರೂ ಅವಳು ಸಾಲುಗಳನ್ನೇ ನೋಡುತ್ತಿದ್ದಳು. ಎಷ್ಟು ಜಾಣೆ, ಕೆಲಸದ ಮೇಲೆ ಎಷ್ಟು ಲಕ್ಷ್ಯ ಎಂದು ನಾನು ಹೊಗಳುತ್ತಿದ್ದೆ.

ತಪ್ಪುಗಳನ್ನೂ ಮಾಡಿದೆವು. ಮಾತಿನ ಜೊತೆ ಬರುವ ಬೇರೆ ಸದ್ದುಗಳನ್ನೂ ಬರೆಯಬೇಕು, ಮಕ್ಕಳಿಗೆ ಯಾವುದೂ ತಪ್ಪಬಾರದು ಎಂದು ಆಪಾ ಹಟ ಹಿಡಿದಳು. ನೀರಿನ ಚಕ್ರದ ಪಾಠದ ಕೊನೆಗೆ ವಾದ್ಯ ಬರುತ್ತಿತ್ತು. “ಏನಂತ ಬರೀಲಿ ಆಪಾ?” ಎಂದೆ. ಆಪಾ ಕಣ್ಣು ಮುಚ್ಚಿ ಕೇಳಿ, “ಮದುವಿ ಮನ್ಯಾಗ ಊಟ ಮುಗದ ಮ್ಯಾಲ ಬಾರಸ್ತಾರಲ್ಲ, ಅಂಥಾದ್ದು” ಎಂದಳು. ಹಾಗೇ ಬರೆದೆ. ಆ ವರ್ಷ ಪರೀಕ್ಷೆಯಲ್ಲಿ ನೀರಿನ ಚಕ್ರದ ಹಂತಗಳನ್ನು ಬರೆಯಿರಿ ಎಂದು ಕೇಳಿದರೆ ಇಡೀ ಐದನೇ ತರಗತಿ ಬರೆದದ್ದು: ಆವಿಯಾಗುವುದು, ಮೋಡವಾಗುವುದು, ಮಳೆಯಾಗುವುದು, ಮದುವೆ ಮನೆಯಲ್ಲಿ ಊಟ ಮುಗಿದ ಮೇಲಿನ ವಾದ್ಯ. ಅಂದಾನಪ್ಪ ಮಾಸ್ತರರು ಒಂದು ದಿನ ಯೋಚಿಸಿ ಎಲ್ಲರಿಗೂ ಪೂರ್ತಿ ಅಂಕ ಕೊಟ್ಟರು. “ಪಾಠದಾಗ ಇದ್ದದ್ದನ್ನ ಬರದಾವ. ನಾ ಹೆಂಗ ಕಡೀಲಿ?” ಎಂದರು. ಆಮೇಲೆ ನಾವು ಸದ್ದಿನ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿದೆವು. ಇನ್ನೊಂದು ಪಾಠದಲ್ಲಿ ಕೀಚ್ ಕೀಚ್ ಎಂಬ ಸದ್ದು ಬಂತು. ಓಣಿಯ ಎಲ್ಲ ಸೈಕಲ್ಲುಗಳನ್ನೂ ಬಲ್ಲ ಆಪಾ, “ಯಾವನೋ ಚೈನಿಗೆ ಎಣ್ಣಿ ಹಾಕಿಲ್ಲ, ಬರಿ” ಎಂದಳು. ಅದು ಮಟಮಟ ಮಧ್ಯಾಹ್ನ ಮಾತ್ರ ಕೂಗುವ ಒಂದು ಹಕ್ಕಿ. ನಮ್ಮ ಊರಲ್ಲಿ ಅದನ್ನು ಯಾರೂ ಕೇಳಿರಲು ಸಾಧ್ಯವೇ ಇರಲಿಲ್ಲ.

ಅಡಿಸಾಲು ಬಂದ ಮೇಲೆ ಶಾಲೆಯೇ ಬೇರೆಯಾಯಿತು. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತಾಡುವವರು. ಕನ್ನಡ ಅವರಿಗೆ ಕಿವಿಗಿಂತ ಮೊದಲು ಕಣ್ಣಿಗೆ ಹತ್ತಿತು. ಒಂದು ವಾರ ಜ್ವರದಲ್ಲಿ ಮಲಗಿ ಬಂದ ಮಕ್ಕಳು ಪಾಠವನ್ನು ನಿಲ್ಲಿಸಿ ನಿಲ್ಲಿಸಿ ಸಾಲು ಬರೆದುಕೊಳ್ಳುತ್ತಿದ್ದರು. ಮುದುಕಿಯರು ಕಿಟಕಿಯ ಸರಳು ಹಿಡಿದು ನಿಂತು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಆ ನಿಶ್ಶಬ್ದದಲ್ಲಿ ಮೂವತ್ತು ಮಕ್ಕಳ ಕಣ್ಣು ಒಟ್ಟಿಗೆ ಎಡದಿಂದ ಬಲಕ್ಕೆ ಹೋಗಿ, ಮತ್ತೆ ಎಡಕ್ಕೆ ಬರುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಗಾಳಿಗೆ ಬಾಗುವ ಜೋಳದ ಹೊಲದ ಹಾಗೆ. ಪ್ರತಿ ಪರೀಕ್ಷೆಯಲ್ಲೂ ದ್ಯಾಮಕ್ಕ ಮೊದಲನೆಯವಳು.

ಆಮೇಲೆ ಒಂದು ಬುಧವಾರ ಹತ್ತು ಹೊಡೆಯಿತು, ಸದ್ದು ಹೋಗಲಿಲ್ಲ.

ಜನ ಪಾಟಿ ಹಿಡಿದುಕೊಂಡು ನಿಂತೇ ಇದ್ದರು. ಹತ್ತೂಕಾಲಾಯಿತು. ಎಲ್ಲೋ ಒಂದು ಕೂಸು ಅತ್ತಿತು, ಅದು ಕೇಳಿಸಿತು. ಗಂಗವ್ವ ನಳದ ಹತ್ತಿರ ಕುಸಿದು ಕೂತು ಗಳಗಳ ಅತ್ತಳು, ಅದೂ ಕೇಳಿಸಿತು. ಆ ದಿನ ಊರಲ್ಲಿ ಸಜ್ಜಕದ ಸಿಹಿ ಮಾಡದ ಮನೆ ಇರಲಿಲ್ಲ. ಮಕ್ಕಳು ಮಧ್ಯಾಹ್ನ ಬೇವಿನ ಗಿಡದಲ್ಲಿ ಕೀಚ್ ಕೀಚ್ ಎಂಬುದನ್ನು ಕೇಳಿ, ಗಿಡದ ಮೇಲೆ ಸೈಕಲ್ ಹೇಗೆ ಹತ್ತಿತು ಎಂದು ಹುಡುಕಿದರು. ನಾನೂ ನಕ್ಕೆ. ನಾನೂ ಸಜ್ಜಕ ತಿಂದೆ.

ಒಂದು ತಿಂಗಳಲ್ಲಿ ಜನ ಒಳಮನೆಯಿಂದಲೇ ಕೂಗಿ ಕರೆಯಲು ಕಲಿತರು. ಎರಡು ತಿಂಗಳಲ್ಲಿ ಪಾಟಿಗಳು ಹಾಲಿನ ಪಾತ್ರೆಯ ಮುಚ್ಚಳಗಳಾದವು. ಮಾಸ್ತರರು ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತ ಬರೆಯುತ್ತಲೇ ಪಾಠ ಹೇಳತೊಡಗಿದರು. ಶಾಲೆಯ ಎದುರಿನ ಹಿಟ್ಟಿನ ಗಿರಣಿ ಇಷ್ಟು ವರ್ಷ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಈಗ ಅದು ಹನ್ನೊಂದಕ್ಕೆ ಶುರುವಾದರೆ ಹಿಂದಿನ ಬೆಂಚಿನವರಿಗೆ ಏನೂ ಕೇಳುತ್ತಿರಲಿಲ್ಲ. ಸದ್ದು ಬಂತು ಎಂದು ಕುಣಿದವರು ನಾವು, ಯಾವ ಯಾವ ಸದ್ದು ಬಂತು ಎಂದು ವಿಚಾರಿಸಲಿಲ್ಲ.

ಮೂರನೇ ತಿಂಗಳು ಇಲಾಖೆಯಿಂದ ಸಾಹೇಬರು ಬಂದರು. ಸಣ್ಣ ವಯಸ್ಸು, ತಿದ್ದಿದ ಮೀಸೆ, ಕೆಟ್ಟ ಮಾತಾಡುವವರಲ್ಲ. ಟೀವಿ ನೋಡಿ, “ಇದೇನ್ರಿ, ಚಿತ್ರದ ಕೆಳಗ ಇಷ್ಟು ಅಕ್ಷರ? ಮಕ್ಕಳು ಓದೂದರಾಗ ಮುಳಗ್ಯಾವ. ಕೇಳೂದು ಯಾವಾಗ ಕಲೀಬೇಕು?” ಎಂದರು. ಪಾಲಕರಲ್ಲಿ ಕೆಲವರೂ ತಲೆ ಆಡಿಸಿದರು. ಹೊರಗಿನವರು ನಮ್ಮನ್ನು ಮೂಗರ ಊರಿನವರು ಎಂದು ಕರೆಯುತ್ತಿದ್ದ ನೋವು ಅವರಿಗೆ ಇತ್ತು. ಅಡಿಸಾಲು ಕಂಡರೆ ಅದೇ ನೆನಪಾಗುತ್ತದೆ ಎಂದರು. ಎಲ್ಲ ಪಾಠಗಳ ಅಡಿಸಾಲು ಅಳಿಸಿ, ಇಲಾಖೆ ಕಳಿಸಿದ್ದ ಹಾಗೇ ಮಾಡಬೇಕು ಎಂದು ಆದೇಶ ಬಂತು. ಅಳಿಸಲು ಬರುವವಳು ನಾನೊಬ್ಬಳೇ. ಕೆಲಸ ಮುಗಿಸಿದರೆ ಇಲಾಖೆಯ ಕಚೇರಿಯಲ್ಲಿ ಕಂಪ್ಯೂಟರಿನ ಕಾಯಂ ನೌಕರಿ ಕೊಡಿಸುತ್ತೇನೆ ಎಂದು ಸಾಹೇಬರು ಮಾಸ್ತರರ ಎದುರಿಗೇ ಮಾತು ಕೊಟ್ಟರು.

ಅಳಿಸಿದ್ದು ನಾನು. ಇದನ್ನು ಬೇರೆ ಯಾರ ಮೇಲೂ ಹಾಕುವುದಿಲ್ಲ. ಒಂದನೇ ತರಗತಿಯಿಂದ ಶುರುಮಾಡಿದೆ. ಒಂದು ಪಾಠಕ್ಕೆ ಒಂದು ಗುಂಡಿ, ಮೂರು ನಿಮಿಷ. ನಕಲು ಇಟ್ಟುಕೊಳ್ಳಲು ಆ ಹಳೆಯ ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಇಡಬೇಕು ಎಂದು ನನಗೆ ಅನಿಸಿಯೂ ಇರಲಿಲ್ಲ. ಎಲ್ಲರಿಗೂ ಕೇಳುತ್ತದಲ್ಲ, ಇನ್ನೇಕೆ ಎಂದುಕೊಂಡೆ. ಒಂದು ತಿಂಗಳಲ್ಲಿ ಆರು ತರಗತಿ ಮುಗಿಯಿತು.

ಆಪಾ ಕೌದಿಯ ಗಂಟು ಹಿಡಿದುಕೊಂಡು ಒಮ್ಮೆ ಬಂದಳು. ಬಾಗಿಲಲ್ಲೇ ನಿಂತಳು. “ಮೂರು ವರ್ಷ ಹೊಲದದ್ದನ್ನ ಉಚ್ಚಾಕತ್ತೀಯೇನ?”

“ಎಲ್ಲಾರಿಗೂ ಕೇಳಸ್ತೈತಲ್ಲ ಆಪಾ.”

“ಎಲ್ಲಾರಿಗೂ ಅಂದ್ರ ಯಾರ್ಯಾರಿಗೆ? ಒಬ್ಬೊಬ್ಬರನ್ನ ನಿಂದರಿಸಿ ಎಣಿಸೀ ಏನು?”

“ಆಪಾ, ನೀ ಸುಮ್ಮನ ಸಿಟ್ಟಿಗೇಳ್ತಿ. ನಿನ್ನ ಕೆಲಸ ಹೋತು ಅಂತ ನನಗೂ ಬ್ಯಾಸರ ಐತಿ.”

ಆಪಾ ಕೌದಿಯ ಗಂಟನ್ನು ಹೆಗಲಿಗೇರಿಸಿದಳು. “ನಾ ಒಬ್ಬರಿಗೆ ಮಾತು ಕೊಟ್ಟೀನಿ, ಇಲ್ಲಾಂದ್ರ ಇವತ್ತು ನಿನ್ನ ಕಿವಿ ಹಿಂಡಿ ಹೇಳ್ತಿದ್ದೆ” ಎಂದು ಹೊರಟುಹೋದಳು. ಕೆಲಸ ಹೋದ ಸಿಟ್ಟು ಎಂದೇ ನಾನು ತಿಳಿದೆ.

ಸಾಹೇಬರು ಎರಡನೇ ಸಲ ಬಂದದ್ದು ಮಕ್ಕಳ ಆಲಿಸುವ ಪರೀಕ್ಷೆಗೆ. ಹೊಸ ಪರೀಕ್ಷೆ ಅದು. ಮಕ್ಕಳು ಮುಂದೆ ನೋಡುತ್ತ ಕೂರಬೇಕು, ಸಾಹೇಬರು ಹಿಂದಿನಿಂದ ಪ್ರಶ್ನೆ ಓದುತ್ತಾರೆ, ಬಾಯಿಂದ ಉತ್ತರ ಹೇಳಬೇಕು. ದ್ಯಾಮಕ್ಕನ ಸರದಿ ಬಂತು. ಸಾಹೇಬರು ಕೇಳಿದರು. ಅವಳು ಮುಂದೆ ನೋಡುತ್ತ, ಕೈ ಕಟ್ಟಿ, ಬಹಳ ವಿಧೇಯಳಾಗಿ ಕೂತೇ ಇದ್ದಳು. ಮತ್ತೆ ಕೇಳಿದರು. ಮೂರನೇ ಸಲ ಜೋರಾಗಿ ಕೇಳಿದರು. ಮಕ್ಕಳು ನಕ್ಕರು, ಪಕ್ಕದವಳು ನಕ್ಕದ್ದನ್ನು ನೋಡಿ ದ್ಯಾಮಕ್ಕನೂ ನಕ್ಕಳು. ಹತ್ತು ಪ್ರಶ್ನೆಗೆ ಹತ್ತು ಸೊನ್ನೆ. “ಏನೂ ಬರದ ಹುಡುಗಿನ್ನ ಏಳನೇತ್ತ ತನಕ ಹೆಂಗ ತಂದ್ರಿ? ಮೊದಲಿಂದ ಕಲೀಲಿ” ಎಂದರು ಸಾಹೇಬರು. ಅಂದಾನಪ್ಪ ಮಾಸ್ತರರು ಅವಳ ಹಳೆಯ ಉತ್ತರಪತ್ರಿಕೆಗಳನ್ನು ತೆಗೆದು ತೋರಿಸಿದರು. ನಕಲು ಹೊಡೆದಿರಬೇಕು ಎಂದು ಸಾಹೇಬರು ಕೆಂಪು ಪೆನ್ನು ಕೇಳಿದರು.

ನಾನು ಮರುದಿನ ಒಂದನೇ ತರಗತಿಯ ಮುಂದೆ ಹಾಯ್ದು ಹೋಗುತ್ತಿದ್ದೆ. ಆರು ವರ್ಷದ ಮಕ್ಕಳ ನಡುವೆ, ಮೊಣಕಾಲು ಗದ್ದಕ್ಕೆ ಬರುವ ಹಾಗೆ ಮುದುಡಿ ದ್ಯಾಮಕ್ಕ ಕೂತಿದ್ದಳು. ಟೀವಿಯಲ್ಲಿ ಇಸ್ತ್ರಿ ಸೀರೆಯ ಬಾಯಿಯವರು ಬಾಯಿ ತೆರೆದು ಮುಚ್ಚುತ್ತಿದ್ದರು. ಅವರ ಕಾಲ ಕೆಳಗೆ ಬರೀ ನೆಲ. ದ್ಯಾಮಕ್ಕ ಪರದೆಯ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. ನೋಡುತ್ತ ನೋಡುತ್ತ ಕೈ ಎತ್ತಿದಳು. ಸಾಲು ಬೇಗ ಹೋಯಿತು ಎಂದು ನನ್ನ ಕೋಣೆಯಲ್ಲಿ ಎತ್ತುತ್ತಿದ್ದ ಹಾಗೆ. ಎತ್ತಿದ ಕೈಯನ್ನು ಇಳಿಸಲೇ ಇಲ್ಲ. ತರಗತಿಯ ಬಾಯಾರು, ಉಚ್ಚೆಗೆ ಹೋಗಬೇಕೇನೋ ಎಂದು ತಿಳಿದು ಹೊರಗೆ ಕಳಿಸಿದರು.

ಅಡುಗೆಮನೆಯಲ್ಲಿ ಕೆಂಚವ್ವ ಅಕ್ಕಿ ಆರಿಸುತ್ತಿದ್ದಳು. ಆಪಾ ಪಕ್ಕದಲ್ಲಿ ಕೂತಿದ್ದಳು. “ಕೆಂಚವ್ವಾ, ದ್ಯಾಮಕ್ಕಗ ಕೇಳಸಾಂಗಿಲ್ಲೇನ?” ಎಂದೆ.

“ಈಗ ಗೊತ್ತಾತೇನ್ರಿ ಶಾವಂತ್ರಕ್ಕಾರ?” ಅವಳು ಮೊರದಿಂದ ತಲೆ ಎತ್ತಲಿಲ್ಲ.

“ನನಗ ಯಾಕ ಹೇಳಲಿಲ್ಲವಾ?”

“ಹೇಳಿದ್ರ ಏನ್ ಮಾಡ್ತಿದ್ರಿ? ಕೆಪ್ಪಿ ಅಂತ ಒಂದು ಹೆಸರು ಇಟ್ಟು ಮೂಲ್ಯಾಗ ಕುಂದರಸ್ತಿದ್ರಿ. ಹತ್ತರಿಂದ ನಾಕರ ಮಟ ನನ್ನ ಮಗಳು ಎಲ್ಲಾರಂಗ ಇದ್ಲು. ದಿನಕ್ಕ ಆರು ತಾಸು. ಅಷ್ಟರ ಇರ್ಲಿ ಅಂತ ಸುಮ್ಮನಿದ್ದೆ. ನಿಮ್ಮ ಸದ್ದು ಬಂತು, ಆಕಿ ಆರು ತಾಸು ಹೋತು.”

ಆಪಾ ಅಂದಳು: “ಚಹಾದ ತಾಟು ಬಿದ್ರ ನೀ ಬೆಚ್ಚತಿದ್ದಿ ಶಾವಂತ್ರಿ. ಆಕಿ ನಿನ್ನ ನೋಡಿ ಬೆಚ್ಚತಿದ್ಲು. ಮೊದಲನೇ ವಾರಾನ ನಾ ಕಂಡೆ.”

ಮೂರು ವರ್ಷ ನನ್ನ ಪಕ್ಕದಲ್ಲಿ ಕೂತವಳು. ನಾನು ಅವಳ ಕಣ್ಣನ್ನು ಗಡಿಯಾರ ಮಾಡಿಕೊಂಡೆ, ಕಣ್ಣಿನ ಹಿಂದಿನ ಹುಡುಗಿಯನ್ನು ನೋಡಲಿಲ್ಲ. ನನ್ನ ಕೈ ಅಳಿಸಿದ್ದು ಅಕ್ಷರಗಳನ್ನು ಎಂದುಕೊಂಡಿದ್ದೆ.

ನಾನು ಮತ್ತು ಆಪಾ ಅಂದಾನಪ್ಪ ಮಾಸ್ತರರ ಹತ್ತಿರ ಹೋದೆವು. ಅವರು ಕುರ್ಚಿಯಿಂದ ಎದ್ದು ಮತ್ತೆ ಕೂತರು. ಸಾಹೇಬರಿಗೆ ಎಲ್ಲವನ್ನೂ ಬರೆದು ಕಳಿಸಿದರು: ಹುಡುಗಿ ಜ್ಞಾನದಲ್ಲಿ ಏಳನೆಯದರಲ್ಲಿದ್ದಾಳೆ, ಕಿವಿಯಲ್ಲಿ ಮಾತ್ರ ಕೇಳಿಸುವುದಿಲ್ಲ, ಏಳನೇ ತರಗತಿಯ ಐವತ್ತೊಂಬತ್ತು ಪಾಠಗಳಿಗೆ ಇನ್ನೂ ಅಡಿಸಾಲು ಇದೆ, ಅವುಗಳನ್ನು ಉಳಿಸಲು ಅಪ್ಪಣೆಯಾಗಬೇಕು. ಉತ್ತರದ ಬದಲು ಸಾಹೇಬರೇ ಬಂದರು. ಉಳಿದದ್ದು ಅಳಿಸಿಹೋಗುವುದನ್ನು ತಮ್ಮ ಕಣ್ಣಿಂದ ನೋಡಿಯೇ ಹೋಗುತ್ತೇನೆ ಎಂದು ಕಂಪ್ಯೂಟರನ್ನು ಏಳನೇ ತರಗತಿಗೆ ತರಿಸಿ, ಅಲ್ಲಿಯ ಟೀವಿಗೆ ಜೋಡಿಸಲು ಹೇಳಿದರು.

ಜೋಡಿಸಿದೆ. ಮೊದಲು ಒಂದು ಪಾಠದ ಅಡಿಸಾಲನ್ನು ಮರೆಮಾಡಿ ತೋರಿಸಿ ಎಂದರು. ತೋರಿಸಿದೆ. ಬಾಯಿಯವರು ಭೂಕಂಪದ ಬಗ್ಗೆ ಹೇಳುತ್ತಿದ್ದರು. ಅಷ್ಟರಲ್ಲಿ ಎದುರಿನ ಗಿರಣಿ ಶುರುವಾಯಿತು. ಪಾಠ ಮುಗಿದ ಮೇಲೆ ಸಾಹೇಬರು ಹಿಂದಿನ ಬೆಂಚಿನ ತಾಂಡಾದ ಹುಡುಗಿಯನ್ನು ಎಬ್ಬಿಸಿ, “ಬಾಯಾರು ಏನು ಹೇಳಿದ್ರವಾ?” ಎಂದರು.

“ಗಿರಣಿ ಹೇಳಿದ್ದು ಕೇಳಸ್ತ್ರಿ ಸರ್. ಬಾಯಾರ ಹೇಳಿದ್ದು ಕೇಳಸಲಿಲ್ಲ” ಎಂದಳು ಅವಳು. ಮಕ್ಕಳೆಲ್ಲ ನಕ್ಕರು. ಸಾಹೇಬರೂ ಸ್ವಲ್ಪ ನಕ್ಕು ಕಿಟಕಿ ಮುಚ್ಚಿಸಿದರು. ಸೆಕೆ ಆಯಿತು.

ಆಮೇಲೆ ದ್ಯಾಮಕ್ಕನನ್ನು ಕರೆಸಿದರು. ಅವಳು ಬಂದು ಬಾಗಿಲಿನ ಬದಿಗೆ ನಿಂತಳು. ಹಿಂದೆ ಕೆಂಚವ್ವ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ಸಾಹೇಬರು ಮುಚ್ಚಿದ ಕಿಟಕಿಯ ಕಡೆ ಮುಖ ಮಾಡಿಕೊಂಡು ಮಾಸ್ತರರ ಜೊತೆ ಮಾತಿಗಿಳಿದರು. ದ್ಯಾಮಕ್ಕ ಒಮ್ಮೆ ಅವರ ಬೆನ್ನು ನೋಡಿದಳು, ಒಮ್ಮೆ ಮಾಸ್ತರರ ಬಾಯಿ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ತನ್ನ ಬಗ್ಗೆಯೇ ಮಾತು ನಡೆದಿದೆ ಎಂಬುದಷ್ಟೇ ಅವಳಿಗೆ ಗೊತ್ತು. ಏನು ಮಾತು ಎಂಬುದನ್ನು ಅವಳಿಗೆ ಹೇಳಬೇಕೆಂದು ಆ ಕೋಣೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೀಬೋರ್ಡು ನನ್ನ ಮುಂದಿತ್ತು. ಪರದೆಯ ಮೇಲೆ ಪಾಠದ ಕೊನೆಯ ಚಿತ್ರ ನಿಂತಿತ್ತು. ಅಡಿಸಾಲಿನ ಜಾಗ ತೆರೆದೆ. ಬರೆಯತೊಡಗಿದೆ.

ಸಾಹೇಬರು: ಒಂದು ಹುಡುಗಿ ಸಲುವಾಗಿ ಇಡೀ ಶಾಲಿ ಪಾಠ ಕೆಡಸಾಕ ಬರಾಂಗಿಲ್ಲ ಮಾಸ್ತರ.

ಮಾಸ್ತರ: ಕೆಡೂದಿಲ್ಲರಿ ಸರ್. ಅಕ್ಷರ ಇದ್ರ ಕೇಳಿಸಿದವರಿಗೂ ಅನುಕೂಲ ಐತ್ರಿ.

ಮಕ್ಕಳಲ್ಲಿ ಒಂದು ಅಲುಗಾಟ. ಮೂವತ್ತು ಜೊತೆ ಕಣ್ಣು ಎಡದಿಂದ ಬಲಕ್ಕೆ ಹರಿದವು. ದ್ಯಾಮಕ್ಕ ಬಾಗಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಸಾಹೇಬರು ಇನ್ನೂ ಕಿಟಕಿಗೇ ಮಾತಾಡುತ್ತಿದ್ದರು.

ಸಾಹೇಬರು: ನಾನೇನು ಕಟುಕ ಅಲ್ಲ. ಸಾಮಾನಿನ ಕೋಣಿ ಐತಲ್ಲ, ಅದರಾಗ ಒಂದು ಹಳೇ ಟೀವಿ ಇಡ್ರಿ. ನಾಕು ಪಾಠ ಅಕ್ಷರದ್ದು ಆಕಿಗಂತ ತಗದಿಡ್ರಿ. ಒಬ್ಬಾಕಿನ ಕುಂತು ನೋಡ್ಲಿ. ಉಳದದ್ದೆಲ್ಲ ಅಳಿಸಿಬಿಡ್ರಿ.

ಮಾಸ್ತರ: ಆಗ್ಲಿರಿ ಸರ್.

ಇದನ್ನೂ ಬರೆದೆ. ಮಾಸ್ತರರು ಜೇಬಿನಿಂದ ಬೀಗದ ಕೈ ತೆಗೆದು ತಲೆ ಎತ್ತಿದಾಗ ತಮ್ಮ ಮಾತು ಪರದೆಯ ಮೇಲೆ ನಿಂತಿದ್ದನ್ನು ಕಂಡರು. ಬೀಗದ ಕೈ ಹಿಡಿದುಕೊಂಡು ಅಲ್ಲೇ ನಿಂತರು. ದ್ಯಾಮಕ್ಕ ಪೂರ್ತಿ ಓದಿದಳು. ಸಾಮಾನಿನ ಕೋಣೆ ಎಂಬಲ್ಲಿ ಅವಳ ತುಟಿ ಅಲ್ಲಾಡಿತು. ಆಮೇಲೆ ಅವಳು ತನ್ನ ಹಳೆಯ ಬೆಂಚಿಗೆ, ಎರಡನೇ ಸಾಲಿನ ಕಿಟಕಿ ಪಕ್ಕದ ಜಾಗಕ್ಕೆ ನಡೆದುಹೋಗಿ ಕೂತಳು. ಅಲ್ಲಿದ್ದ ಹುಡುಗಿ ಸರಿದು ಜಾಗ ಕೊಟ್ಟಳು.

ಕೋಣೆ ಸುಮ್ಮನಾದದ್ದಕ್ಕೆ ಸಾಹೇಬರು ತಿರುಗಿದರು. ಟೀವಿ ನೋಡಿದರು, ನನ್ನನ್ನು ನೋಡಿದರು. “ಏನಿದು? ನಾ ಆಡಿದ್ದನ್ನೆಲ್ಲ ಬರ್ಯಾಕತ್ತೀರೇನು? ಯಾರು ಹೇಳಿದ್ರು ನಿಮಗ?” ಎಂದರು. ಅದನ್ನೂ ಬರೆದೆ.

“ನಿಲ್ಲಸ್ರಿ” ಎಂದರು. ಬರೆದೆ.

ಕೆಂಚವ್ವ ಬಾಗಿಲಲ್ಲಿ ಸೆರಗು ಬಾಯಿಗೆ ಹಿಡಿದುಕೊಂಡಳು. ಸಾಹೇಬರ ದನಿ ಸಣ್ಣದಾಯಿತು, ಹತ್ತಿರ ಬಂತು. “ಶಾವಂತ್ರವ್ವಾರ, ನಿಮ್ಮ ನೌಕರಿ ಕಾಗದ ನನ್ನ ಬ್ಯಾಗಿನಾಗ ಐತಿ. ಸಹಿ ಒಂದ ಬಾಕಿ. ಈಗ ನನ್ನ ಕಣ್ಣ ಮುಂದ ಅಳಸ್ರಿ.”

ಅದನ್ನು ಒಂದಕ್ಷರ ಬಿಡದೆ ಬರೆದೆ. ಮಕ್ಕಳು ಓದಿದರು. ಆಮೇಲೆ ಮುಂದಿನ ಸಾಲಿಗೆ ಬಂದು ನನ್ನ ಹೆಸರು ಬರೆದೆ, ಹೆಸರಿನ ಮುಂದೆ ಎರಡು ಚುಕ್ಕೆ ಇಟ್ಟೆ.

ಶಾವಂತ್ರವ್ವ: ಅಳಸೂದಿಲ್ಲರಿ.